ಬೀದಿಯ ತುದಿಯ ಕರಿಹಲಗೆ

ನಮ್ಮ ಬಡಾವಣೆಯ ಮೊದಲನೆಯ ಅಡ್ಡರಸ್ತೆಯ ತಿರುವಿನಲ್ಲಿ, ಬೇವಿನ ಮರದ ನೆರಳಿನಲ್ಲಿ, ಒಂದು ಕರಿಹಲಗೆ ನಿಂತಿದೆ. ಅದನ್ನು ಅಲ್ಲಿ ನಿಲ್ಲಿಸಿದವರು ನಮ್ಮ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘದವರು. ಎಲ್ಲರ ಜೇಬಿನಲ್ಲಿಯೂ ದೂರವಾಣಿ ಇರುವ ಈ ಕಾಲದಲ್ಲಿ ಸೀಮೆಸುಣ್ಣದ ಬರಹವನ್ನು ಯಾರು ಓದುತ್ತಾರೆಂದು ವಾಚಕರು ಕೇಳಬಹುದು. ಎಲ್ಲರೂ ಓದುತ್ತಾರೆ. ವಾಟ್ಸಾಪಿನ ಗುಂಪಿನಲ್ಲಿ ಬಂದ ಸುದ್ದಿಯನ್ನು ನಂಬದವರೂ ಹಲಗೆಯ ಮೇಲಿನ ಸುದ್ದಿಯನ್ನು ನಂಬುತ್ತಾರೆ. ಏಕೆಂದರೆ ಅದನ್ನು ಬರೆದವರ ಕೈಬರಹ ಎಲ್ಲರಿಗೂ ಗೊತ್ತು.

ಹಲಗೆಯ ಮೇಲೆ ಬರುವ ಸುದ್ದಿಗಳು ದೊಡ್ಡವೇನಲ್ಲ. ನಾಳೆ ನೀರು ಬಿಡುವ ವೇಳೆ ಬದಲಾಗಿದೆ; ಎರಡನೆಯ ಅಡ್ಡರಸ್ತೆಯ ಬಳಿ ಒಂದು ಬೀಗದ ಕೈ ಸಿಕ್ಕಿದೆ; ಇಂಥವರ ಮನೆಯಲ್ಲಿ ಹಿರಿಯರು ತೀರಿಕೊಂಡಿದ್ದಾರೆ; ಹತ್ತನೆಯ ತರಗತಿಯ ಹಳೆಯ ಪುಸ್ತಕಗಳಿದ್ದವರು ಕೊಡಬೇಕು. ದಿನಪತ್ರಿಕೆಗಳಲ್ಲಿ ಇವಕ್ಕೆ ಸ್ಥಳವಿಲ್ಲ. ಆದರೆ ನೆರೆಹೊರೆಯ ಜೀವನ ನಡೆಯುವುದು ಇಂಥ ಸುದ್ದಿಗಳಿಂದಲೇ ಎಂಬುದನ್ನು ನಾನು ಆ ಹಲಗೆಯಿಂದ ಕಲಿತೆ. ಕಲಿತ ರೀತಿ ಮಾತ್ರ ಅಷ್ಟು ಹೆಮ್ಮೆಪಡುವಂಥದಲ್ಲ. ಅದನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ಹೊಸಬರ ಊರು

ನಾನು ಹಂಪಸಾಗರದವನು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ, ತುಂಗಭದ್ರೆಯ ಹಿನ್ನೀರಿನ ಕಡೆಯ ಊರು ಅದು. ಪಾಠ ಹೇಳುವ ವೃತ್ತಿಯ ನಿಮಿತ್ತ ಪಟ್ಟಣಕ್ಕೆ ಬಂದು, ಅದರ ಅಂಚಿನ ಹೊಸ ಬಡಾವಣೆಯಲ್ಲಿ ಸಾಲ ಮಾಡಿ ಮನೆ ಕಟ್ಟಿಸಿದೆ. ನಮ್ಮ ಊರಿನಲ್ಲಿ ಯಾರ ಮನೆಗೆ ಯಾರು ಏನಾಗಬೇಕೆಂಬುದು ಹುಟ್ಟಿನಿಂದಲೇ ತಿಳಿದಿರುತ್ತದೆ. ಬಡಾವಣೆಯಲ್ಲಿ ಹಾಗಲ್ಲ. ಒಬ್ಬರು ಕೂಡ್ಲಿಗಿಯವರು, ಒಬ್ಬರು ಹಡಗಲಿಯವರು, ಇನ್ನೊಬ್ಬರು ಕೊಟ್ಟೂರಿನಿಂದ ವ್ಯಾಪಾರಕ್ಕೆ ಬಂದವರು, ಮತ್ತೊಬ್ಬರು ಹರಪನಹಳ್ಳಿಯಿಂದ ವರ್ಗವಾಗಿ ಬಂದವರು. ಎಲ್ಲರೂ ಹೊಸಬರೇ.

ಹೊಸಬರು ಕೂಡಿ ಊರಾಗುವುದು ನಮ್ಮ ಸೀಮೆಗೆ ಅಪರಿಚಿತವಾದ ಸಂಗತಿಯಲ್ಲ. ೧೯೪೫ರಲ್ಲಿ ಶಂಕುಸ್ಥಾಪನೆಯಾದ ತುಂಗಭದ್ರಾ ಅಣೆಕಟ್ಟಿನ ಹಿಂದೆ ೧೯೫೩ರಲ್ಲಿ ನೀರು ನಿಂತಾಗ ಹತ್ತಾರು ಹಳ್ಳಿಗಳು ಮುಳುಗಿದವು. ನಾರಾಯಣದೇವರಕೆರೆಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲಸಿದರು. ಮನೆ, ಹೊಲ, ಗುಡಿ ಎಲ್ಲವನ್ನೂ ನೀರಿಗೆ ಬಿಟ್ಟು ಬಂದವರಿದ್ದ ಆ ಊರು ಇಂದು ರಂಗಕಲಾವಿದರ ಊರೆಂದು ನಾಡಿನಲ್ಲೆಲ್ಲ ಹೆಸರಾಗಿದೆ. ಒಟ್ಟಾಗಿ ಮಾಡುವ ಕೆಲಸವೊಂದಿದ್ದರೆ ಹೊಸಬರು ಬೇಗ ನೆಂಟರಾಗುತ್ತಾರೆ.

ನಗರಗಳ ಬಡಾವಣೆಗಳ ಕಥೆಯೂ ಹೀಗೆಯೇ. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗಿನ ಮಾರಿ ಬಂದಾಗ ಪೇಟೆಯ ಇಕ್ಕಟ್ಟಿನ ಓಣಿಗಳಿಂದ ಜನ ಹೊರಗೆ ಬರಬೇಕಾಯಿತು. ಬಸವನಗುಡಿ, ಮಲ್ಲೇಶ್ವರಗಳು ಆ ಕಾಲದಲ್ಲಿ ರೂಪುಗೊಂಡ ಬಡಾವಣೆಗಳು. ಗಾಳಿ ಬೆಳಕು ಧಾರಾಳವಾಗಿ ಬರುವ ನೇರ ರಸ್ತೆಗಳು, ಮನೆಗಳ ಹಿಂದೆ ಹೊಲಸು ಸಾಗಿಸಲು ಬೇರೆಯ ಓಣಿಗಳು ಎಂದು ಯೋಜನೆ ಮಾಡಿದ್ದರು. ಅಂದರೆ ಬಡಾವಣೆ ಎಂಬ ಕಲ್ಪನೆಯ ಬುಡದಲ್ಲಿಯೇ ಆರೋಗ್ಯದ ಪ್ರಶ್ನೆ ಇತ್ತು. ನನ್ನ ಮನೆಯ ಹೊಲಸು ಎಲ್ಲಿಗೆ ಹೋಗುತ್ತದೆ ಎಂಬುದೇ ಆ ಪ್ರಶ್ನೆ. ನೂರಿಪ್ಪತ್ತೈದು ವರ್ಷಗಳು ಕಳೆದರೂ ಅದು ಹಾಗೆಯೇ ಇದೆ.

ನನ್ನ ಜಗುಲಿಯ ಹೆಂಚು

ಕೆಲವು ವರ್ಷಗಳ ಹಿಂದೆ, ನವರಾತ್ರಿಯ ಸುಮಾರಿಗೆ, ಒಂದು ರಾತ್ರಿ ಬಿರುಮಳೆ ಸುರಿಯಿತು. ನಮ್ಮ ಬಡಾವಣೆ ಎತ್ತರದಲ್ಲಿದೆ. ಅದರ ಕೆಳಗೆ, ಕಾಲುವೆಯ ಆಚೆ, ಕೂಲಿ ಮಾಡಿ ಬದುಕುವವರ ಕೇರಿಯೊಂದಿದೆ. ನಮ್ಮ ಮನೆಗೆಲಸಕ್ಕೆ ಬರುವವರೂ, ನಮ್ಮ ಮನೆಗಳಿಗೆ ಇಟ್ಟಿಗೆ ಹೊತ್ತವರೂ ಅಲ್ಲಿಯವರೇ. ಬೆಳಗಾಗುವ ಹೊತ್ತಿಗೆ ಹಲಗೆಯ ಮೇಲೆ ಹೀಗೆ ಬರೆದಿತ್ತು: “ಕೆಳಗಿನ ಕೇರಿಗೆ ನೀರು ನುಗ್ಗಿದೆ. ಸನಿಕೆ, ಬುಟ್ಟಿ ಇದ್ದವರು ಏಳು ಗಂಟೆಗೆ ಬನ್ನಿ.”

ಹನ್ನೊಂದು ಜನ ಹೋದೆವು. ಬ್ಯಾಂಕಿನ ನಿವೃತ್ತ ಅಧಿಕಾರಿಗಳು, ಕಿರಾಣಿ ಅಂಗಡಿಯವರು, ಇಬ್ಬರು ಗೃಹಿಣಿಯರು, ನನ್ನ ಕಾಲೇಜಿನ ಮೂವರು ಹುಡುಗರು, ಹೀಗೆ. ಮನೆಗಳಲ್ಲಿ ಮೊಳಕಾಲುದ್ದ ಕೆಸರು. ಜೋಳದ ಚೀಲಗಳು ನೆಂದು ಹೋಗಿದ್ದವು. ಮಕ್ಕಳ ಪುಸ್ತಕಗಳನ್ನು ಚಾವಣಿಯ ಮೇಲೆ ಹರವಿದ್ದರು. ಮೊದಲು ಕಾಲುವೆಯ ಕಟ್ಟು ಬಿಡಿಸದಿದ್ದರೆ ಮಧ್ಯಾಹ್ನದ ಮಳೆಗೆ ಮತ್ತೆ ಇದೇ ಪಾಡೆಂದು ಯಾರೋ ಹೇಳಿದರು. ಎಲ್ಲರೂ ಅಲ್ಲಿಗೆ ಹೋಗಿ ಅಗೆಯತೊಡಗಿದೆವು.

ಕಾಲುವೆ ಕಟ್ಟಿಕೊಂಡದ್ದು ಮರಳಿನಿಂದಲ್ಲ, ಮನೆ ಕಟ್ಟಿ ಉಳಿದ ಕಸದಿಂದ. ಒಡೆದ ಇಟ್ಟಿಗೆ, ಸಿಮೆಂಟಿನ ಹೆಪ್ಪುಗಟ್ಟಿದ ಚೀಲ, ಕಬ್ಬಿಣದ ತುಂಡುಗಳನ್ನು ಎತ್ತಿ ಹಾಕುತ್ತಿರುವಾಗ ನನ್ನ ಸನಿಕೆಗೆ ನೆಲಹೆಂಚಿನ ಒಂದು ಚೂರು ಸಿಕ್ಕಿತು. ಹಸಿರು ಬಳ್ಳಿಯ ಚಿತ್ರವಿದ್ದ ಹೆಂಚು. ನನ್ನ ಮನೆಯ ಜಗುಲಿಗೆ ಹಾಕಿಸಿದ್ದು ಅದೇ. ಅಂಗಡಿಯವನು ಕಡೆಯ ಪೆಟ್ಟಿಗೆಗಳೆಂದು ಅಗ್ಗದಲ್ಲಿ ಕೊಟ್ಟಿದ್ದ; ಊರಿನಲ್ಲಿ ಇನ್ನಾರ ಮನೆಯಲ್ಲಿಯೂ ನಾನದನ್ನು ಕಂಡಿರಲಿಲ್ಲ. ಮನೆ ಮುಗಿದಾಗ “ಕಸವನ್ನು ಎಲ್ಲಿಯಾದರೂ ಹಾಕಿಬಿಡಪ್ಪಾ” ಎಂದು ಟ್ರ್ಯಾಕ್ಟರಿನವನಿಗೆ ಹೇಳಿದ್ದವನು ನಾನೇ. “ಎಲ್ಲಿಯಾದರೂ” ಎಂಬ ಸ್ಥಳ ಎಲ್ಲಿದೆಯೆಂಬುದು ಅಂದು ನನಗೆ ಗೊತ್ತಾಯಿತು.

ಪಕ್ಕದಲ್ಲಿ ಬುಟ್ಟಿ ಹಿಡಿದು ನಿಂತಿದ್ದ ಕೇರಿಯ ಮುದುಕಿಯೊಬ್ಬಳಿಗೆ ತಡೆಯಲಾರದೆ ಹೇಳಿಬಿಟ್ಟೆ. ಬೈಯುತ್ತಾಳೆಂದು ಎಣಿಸಿದ್ದೆ. ಆಕೆ ಚೂರನ್ನು ತಿರುಗಿಸಿ ನೋಡಿ, “ನೀರಿಗೆ ದಾರಿ ಬಿಟ್ರ ಅದು ತನ್ನ ಪಾಡಿಗೆ ಹೊಕ್ಕತಿ ಮಾಸ್ತರ, ಕಟ್ಟಿದ್ರ ಮನಿಗೆ ಬರ್ತತಿ” ಎಂದು ಬುಟ್ಟಿಯನ್ನು ತಲೆಗೇರಿಸಿಕೊಂಡು ಹೋದಳು. ಬೈದಿದ್ದರೆ ಹಗುರವಾಗುತ್ತಿತ್ತು.

ಏಳು ಜನರ ಸಂಘ

ಮುಂದಿನ ಭಾನುವಾರದ ಸಭೆಯಲ್ಲಿ ಈ ಸಂಗತಿಯನ್ನು ಎದ್ದು ನಿಂತು ಹೇಳಿದೆ. ಒಂದು ಗಳಿಗೆ ಯಾರೂ ಮಾತನಾಡಲಿಲ್ಲ. ಅನಂತರ ಒಬ್ಬೊಬ್ಬರಾಗಿ, “ನಮ್ಮದೂ ಅಲ್ಲಿಯೇ ಬಿದ್ದಿರಬೇಕು” ಎಂದರು. ಅಲ್ಲಿಯವರೆಗೆ ನಮ್ಮ ಸಭೆಗಳಲ್ಲಿ ನಡೆಯುತ್ತಿದ್ದ ಚರ್ಚೆಗಳು ಬೇರೆ: ಬಡಾವಣೆಯ ಬಾಗಿಲಿಗೆ ಗೇಟು ಹಾಕಿಸಬೇಕೇ, ಗಣಪತಿಯ ಚಂದಾ ಎಷ್ಟಿರಬೇಕು, ಯಾರ ಕಾರು ಯಾರ ಮನೆಯ ಮುಂದೆ ನಿಲ್ಲುತ್ತದೆ. ಅಂದು ಮೊದಲ ಬಾರಿಗೆ ಬಡಾವಣೆಯ ಬೇಲಿಯ ಆಚೆಗಿನ ಮಾತು ಬಂದಿತು.

ಸಂಘ ಕಟ್ಟುವುದು ಕಷ್ಟದ ಕೆಲಸವಲ್ಲ. ೧೯೬೦ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಂತೆ ಏಳು ಜನ ಸೇರಿದರೆ ಸಾಕು. ಉದ್ದೇಶಗಳನ್ನೂ ನಿಯಮಗಳನ್ನೂ ಬರೆದು ನೋಂದಾಯಿಸಬೇಕು. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆದು ಲೆಕ್ಕಪತ್ರ ಒಪ್ಪಿಸಬೇಕು. ಸಂವಿಧಾನದ ೭೪ನೆಯ ತಿದ್ದುಪಡಿ ೧೯೯೩ರಲ್ಲಿ ಜಾರಿಗೆ ಬಂದಾಗ ನಗರಾಡಳಿತದಲ್ಲಿ ವಾರ್ಡ್ ಸಮಿತಿಗಳ ಏರ್ಪಾಡಾಯಿತು. ಆದರೆ ಅವು ಕಡ್ಡಾಯವಾದದ್ದು ಮೂರು ಲಕ್ಷಕ್ಕೆ ಕಡಿಮೆಯಿಲ್ಲದ ಜನಸಂಖ್ಯೆಯುಳ್ಳ ನಗರಗಳಲ್ಲಿ. ನಮ್ಮಂಥ ಚಿಕ್ಕ ಪಟ್ಟಣಗಳಲ್ಲಿ ಬೀದಿಯ ಮಾತನ್ನು ಆಡಳಿತದವರೆಗೆ ಒಯ್ಯಲು ನಿವಾಸಿಗಳ ಸಂಘವೇ ಗತಿ. ಮನೆಯಲ್ಲಿಯೇ ಹಸಿ ಕಸ ಒಣ ಕಸಗಳನ್ನು ಬೇರೆ ಮಾಡಿಸುವ ಹೊಣೆಯಲ್ಲಿ ಇಂಥ ಸಂಘಗಳಿಗೂ ಪಾಲಿದೆಯೆಂದು ೨೦೧೬ರ ಘನತ್ಯಾಜ್ಯ ನಿಯಮಗಳು ಸ್ಪಷ್ಟವಾಗಿ ಹೇಳಿದವು. ಕಾಯಿದೆಗೆ ಸಂಘವನ್ನು ಹುಟ್ಟಿಸಲು ಬರುತ್ತದೆ. ಸದಸ್ಯರನ್ನು ಬೆಳಿಗ್ಗೆ ಏಳು ಗಂಟೆಗೆ ಸನಿಕೆ ಹಿಡಿದು ಬರುವಂತೆ ಮಾಡಲು ಬರುವುದಿಲ್ಲ.

ಅದಕ್ಕೆ ಬೇಕಾದುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಕನ್ನಡ ಶಾಸನಗಳನ್ನು ಓದಿದವರಿಗೆ ಬಿತ್ತುವಟ್ಟ, ಕಟ್ಟುಗೊಡಗೆ ಮುಂತಾದ ಮಾತುಗಳು ಪರಿಚಿತ. ಕೆರೆಯ ಹೂಳೆತ್ತಲು, ಏರಿ ಬಲಪಡಿಸಲು ಬಿಟ್ಟ ದತ್ತಿಗಳ ಹೆಸರುಗಳಿವು. ಕೆರೆ ಕಟ್ಟಿಸಿದರಷ್ಟೇ ಸಾಲದು, ವರ್ಷ ವರ್ಷವೂ ಅದನ್ನು ನೋಡಿಕೊಳ್ಳುವವರು ಬೇಕೆಂಬ ವಿವೇಕ ಅದರಲ್ಲಿದೆ.

ಅಂಕಸಮುದ್ರದ ಪಾಠ

ಆ ಚಳಿಗಾಲದಲ್ಲಿ ನಮ್ಮ ಸಂಘದವರೆಲ್ಲ ಮಕ್ಕಳೊಡನೆ ನಮ್ಮ ತಾಲ್ಲೂಕಿನ ಅಂಕಸಮುದ್ರಕ್ಕೆ ಹೋಗಿಬಂದೆವು. ಕೆರೆಗಳನ್ನು ಸಾಗರ, ಸಮುದ್ರ ಎಂದು ಕರೆಯುವುದು ಕನ್ನಡ ನಾಡಿನ ಹಳೆಯ ರೂಢಿ. ಅಂಕಸಮುದ್ರವೂ ಶತಮಾನಗಳ ಹಿಂದೆ ಹೊಲಗಳಿಗೆ ನೀರುಣಿಸಲು ಜನ ಕಟ್ಟಿದ ಕೆರೆಯೇ. ವಿಸ್ತೀರ್ಣ ೨೪೪ ಎಕರೆ. ಕೆರೆಯಂಗಳದ ಜಾಲಿಮರಗಳ ಮೇಲೆ ಹಕ್ಕಿಗಳು ಕಿಕ್ಕಿರಿದು ಕುಳಿತಿದ್ದುದನ್ನು ಕಂಡು ಮಕ್ಕಳು, ಮರಗಳು ಬಿಳಿ ಹೂ ಬಿಟ್ಟಿವೆಯೆಂದು ಭ್ರಮಿಸಿದರು.

ಈ ಕೆರೆಯಲ್ಲಿ ಗೂಡುಕಟ್ಟುವ ಮತ್ತು ತಂಗುವ ನೀರುಹಕ್ಕಿಗಳು ಮೂವತ್ತು ಸಾವಿರಕ್ಕೂ ಮಿಕ್ಕಿವೆ. ದಾಖಲೆಯಾದ ಹಕ್ಕಿಗಳ ಬಗೆಗಳು ಸುಮಾರು ೨೪೦. ಬಣ್ಣದ ಕೊಕ್ಕರೆ, ಕರಿತಲೆಯ ಕೆಂಬರಲು ಇವುಗಳಿಗೆ ಇದು ಮುಖ್ಯವಾದ ನೆಲೆ. ೨೦೧೭ರಲ್ಲಿ ಇದನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದರು. ೧೯೭೧ರಲ್ಲಿ ಇರಾನಿನ ರಾಮ್ಸರ್ ಎಂಬ ಊರಿನಲ್ಲಿ ಆದ ಒಪ್ಪಂದದಂತೆ ಜಗತ್ತಿನ ಮಹತ್ವದ ಜೌಗುನೆಲೆಗಳ ಪಟ್ಟಿಯೊಂದಿದೆ. ೨೦೨೪ರ ಜನವರಿಯಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ಉತ್ತರ ಕನ್ನಡದ ಅಘನಾಶಿನಿ ಅಳಿವೆಗಳೊಡನೆ ಅಂಕಸಮುದ್ರವೂ ಆ ಪಟ್ಟಿಗೆ ಸೇರಿತು. ಕರ್ನಾಟಕದಿಂದ ಅದಕ್ಕೆ ಮೊದಲು, ೨೦೨೨ರಲ್ಲಿ, ಸೇರಿದ್ದುದು ರಂಗನತಿಟ್ಟು ಒಂದೇ.

ಸಂರಕ್ಷಣಾ ಮೀಸಲು ಎಂಬ ಏರ್ಪಾಡಿನ ಬಗೆಯನ್ನು ನಾವು ಗಮನಿಸಬೇಕು. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ೨೦೦೨ರಲ್ಲಿ ತಂದ ತಿದ್ದುಪಡಿಯಿಂದ ಬಂದುದು ಇದು. ಸ್ಥಳೀಯ ಜನರೊಡನೆ ಸಮಾಲೋಚಿಸಿಯೇ ಘೋಷಿಸಬೇಕು. ನಿರ್ವಹಣಾ ಸಮಿತಿಯಲ್ಲಿ ಅರಣ್ಯ ಇಲಾಖೆಯವರ ಜೊತೆಗೆ ಗ್ರಾಮಪಂಚಾಯಿತಿಯ ಪ್ರತಿನಿಧಿಯೂ, ವನ್ಯಜೀವಿಗಳಿಗಾಗಿ ದುಡಿಯುವ ಸ್ವಯಂಸೇವಾ ಸಂಸ್ಥೆಗಳ ಮೂವರೂ ಇರಬೇಕು. ಊರಿನವರನ್ನು ಹೊರಗಿಟ್ಟು ಕೆರೆಯನ್ನು ಉಳಿಸಲಾಗದೆಂಬುದನ್ನು ಕಾನೂನೇ ಒಪ್ಪಿಕೊಂಡಂತಾಯಿತು.

ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನವರಿಗೆ ಇದನ್ನು ಕಾನೂನು ಕಲಿಸಬೇಕಾಗಿರಲಿಲ್ಲ. ಬೀದಿಬದಿಯ ಹುಣಸೆಮರಗಳಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆ ಕೊಕ್ಕರೆಗಳನ್ನು ಅವರು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಭಾವಿಸುತ್ತಾರೆ. ಹಿಕ್ಕೆ ಬಿದ್ದು ಹುಣಸೆಯ ಫಸಲು ಕೆಟ್ಟರೂ ಹಕ್ಕಿಯನ್ನು ಓಡಿಸುವುದಿಲ್ಲ. ಗೂಡಿನಿಂದ ಕೆಳಗೆ ಬಿದ್ದ ಮರಿಗಳನ್ನು ಸಾಕಲು ಊರಿನ ಯುವಕರು ‘ಹೆಜ್ಜಾರ್ಲೆ ಬಳಗ’ವೆಂದು ಸಂಘ ಮಾಡಿಕೊಂಡರು. ೨೦೦೭ರಲ್ಲಿ ಆ ಊರು ಸಮುದಾಯ ಮೀಸಲಾಯಿತು.

ಇವೆಲ್ಲ ಹಳ್ಳಿಯ ಮಾತಾಯಿತು, ನಗರದವರಿಗೆ ಇದು ಸಾಧ್ಯವೇ ಎನ್ನುವವರಿಗೆ ಬೆಂಗಳೂರಿನ ಜಯಪ್ರಕಾಶ ನಗರದ ಪುಟ್ಟೇನಹಳ್ಳಿ ಕೆರೆ ಉತ್ತರ ಹೇಳುತ್ತದೆ. ಬತ್ತಿ, ಕಸದ ಗುಂಡಿಯಾಗುತ್ತಿದ್ದ ಆ ಕೆರೆಗಾಗಿ ಸುತ್ತಣ ನಿವಾಸಿಗಳು ೨೦೧೦ರಲ್ಲಿ ಟ್ರಸ್ಟ್ ಮಾಡಿಕೊಂಡರು. ಮರುವರ್ಷ ಅಂದಿನ ಬೃಹತ್ ಬೆಂಗಳೂರು ಮಹಾನಗರಪಾಲಿಕೆ ಒಡಂಬಡಿಕೆ ಮಾಡಿಕೊಂಡು ಕೆರೆಯ ಪಾಲನೆಯನ್ನು ಅವರಿಗೆ ಒಪ್ಪಿಸಿತು. ಕಚೇರಿಗೆ ಹೋಗುವವರು, ಮಕ್ಕಳು, ನಿವೃತ್ತರು ಬಿಡುವಿನ ದಿನಗಳಲ್ಲಿ ಕಳೆ ತೆಗೆದು, ಗಿಡ ನೆಟ್ಟು, ಹಕ್ಕಿಗಳನ್ನು ಎಣಿಸಿ ಅದನ್ನು ಮತ್ತೆ ಕೆರೆಯಾಗಿ ಮಾಡಿದರು.

ಸ್ವಯಂಸೇವೆಯ ಲೆಕ್ಕ

ಒಂದು ದಿನ ಉತ್ಸಾಹದಿಂದ ಪೊರಕೆ ಹಿಡಿದು ಛಾಯಾಚಿತ್ರ ತೆಗೆಸಿಕೊಳ್ಳುವುದು ಸುಲಭ. ಮೂರನೆಯ ತಿಂಗಳು ಬರುವವರು ಎಷ್ಟು ಮಂದಿ ಎಂಬುದೇ ಸಂಘದ ನಿಜವಾದ ಲೆಕ್ಕ. ನಮ್ಮಲ್ಲಿಯೂ ಹನ್ನೊಂದು ಜನ ಒಮ್ಮೆ ನಾಲ್ವರಾದರು. ಆಗ ನಮಗೆ ತಿಳಿದ ಕೆಲವು ಸಂಗತಿಗಳು ಇತರ ಬಡಾವಣೆಗಳವರಿಗೂ ಉಪಯೋಗವಾದಾವು.

ಕೆಲಸ ಚಿಕ್ಕದಾಗಿರಬೇಕು, ದಿನ ಗೊತ್ತಾಗಿರಬೇಕು. ನಾವು ತಿಂಗಳ ಮೊದಲನೆಯ ಭಾನುವಾರ ಒಂದೂವರೆ ಗಂಟೆಗೆ ಮೀರಿ ಯಾರನ್ನೂ ನಿಲ್ಲಿಸಿಕೊಳ್ಳುವುದಿಲ್ಲ. ಬಂದ ಹಣ, ಹೋದ ಹಣ ಹಲಗೆಯ ಮೇಲೆ ಬರಬೇಕು. ಲೆಕ್ಕ ಬಚ್ಚಿಟ್ಟ ಸಂಘ ಬಾಳುವುದಿಲ್ಲ. ಮಣ್ಣು ಹೊರಲಾಗದ ಹಿರಿಯರಿಗೂ ಕೆಲಸವಿರಬೇಕು. ನಮ್ಮ ಬ್ಯಾಂಕಿನ ಅಧಿಕಾರಿಗಳು ಕೇರಿಯವರ ಪಿಂಚಣಿಯ ಅರ್ಜಿಗಳನ್ನು ಬರೆದುಕೊಡುತ್ತಾರೆ. ಸಭೆಗೆ ಕೆಳಗಿನ ಕೇರಿಯವರನ್ನೂ ಕರೆಯಬೇಕು. ಹಾಗೆ ಕರೆದ ಮೇಲೆಯೇ ಕಾಲುವೆಯ ಮೂಲ ಎಲ್ಲಿ, ಅದು ಯಾವ ಕೆರೆಗೆ ಸೇರುತ್ತದೆಯೆಂಬುದು ನಮಗೆ ತಿಳಿದದ್ದು; ಅದುವರೆಗೆ ಅದನ್ನು ನಾವು ಚರಂಡಿಯೆಂದುಕೊಂಡಿದ್ದೆವು.

ಗೇಟಿನ ಪ್ರಸ್ತಾಪ ಅದರ ಮೇಲೆ ಬರಲಿಲ್ಲ. ಗೇಟು ಬೇಡವೆಂದು ಯಾರೂ ನಿರ್ಣಯ ಮಾಡಲಿಲ್ಲ. ಕೆಲಸಕ್ಕೆ ಬಂದು ಹೋಗುವವರ ಹೆಸರು ತಿಳಿದ ಮೇಲೆ ಅದರ ಅವಶ್ಯಕತೆ ಯಾರಿಗೂ ತೋರಲಿಲ್ಲ.

ಈಗ ಹೊಸ ಮನೆ ಕಟ್ಟುವವರ ಬಳಿಗೆ, ಪಾಯ ತೋಡುವ ಮುಂಚೆಯೇ ಸಂಘದ ಇಬ್ಬರು ಹೋಗಿ, ಉಳಿದ ಕಲ್ಲುಮಣ್ಣು ಎಲ್ಲಿಗೆ ಹೋಗಬೇಕೆಂದು ಕೇಳಿ ಬರುತ್ತಾರೆ. ಆ ಇಬ್ಬರಲ್ಲಿ ಒಬ್ಬ ನಾನು. ಉಪದೇಶ ಮಾಡಲು ನನಗೆ ಸಂಕೋಚ. ಆದ್ದರಿಂದ ಹಸಿರು ಬಳ್ಳಿಯ ಹೆಂಚಿನ ಚೂರಿನ ಕಥೆಯನ್ನಷ್ಟೇ ಹೇಳುತ್ತೇನೆ. ಕೇಳಿದವರು ನಗುತ್ತಾರೆ, ಆಮೇಲೆ ಟ್ರ್ಯಾಕ್ಟರಿನವನನ್ನು ಕರೆದು ಸ್ಥಳ ತೋರಿಸುತ್ತಾರೆ.

ಮುಂಗಾರಿಗೆ ಮೊದಲು ಕಾಲುವೆಯ ಹೂಳೆತ್ತುವ ದಿನವನ್ನು ಹಲಗೆಯ ಮೇಲೆ ಬರೆಯುವ ಸರದಿ ಈ ಸಲ ನನ್ನದು. ಸನಿಕೆ, ಬುಟ್ಟಿ ಇದ್ದವರು ಏಳು ಗಂಟೆಗೆ ಬನ್ನಿ ಎಂದು ಬರೆಯುತ್ತೇನೆ. ಇಲ್ಲದವರೂ ಬರಬಹುದು; ಕೇರಿಯವರು ತಮ್ಮವನ್ನು ಕೊಡುತ್ತಾರೆ.