ಸಿದ್ಧ ಆಹಾರ ಸಾಮಗ್ರಿಗಳಿಂದ ಸಂಜೆಯ ಅಡುಗೆ: ಸಾರ್ವಜನಿಕರ ಮಾಹಿತಿಗಾಗಿ

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲ್ಲೂಕುಗಳಲ್ಲಿ ಬೀಡಿ ಕಟ್ಟುವುದು, ಗೋಡಂಬಿ ಕಾರ್ಖಾನೆ, ತೋಟ, ಅಂಗಡಿ, ಶಾಲೆ ಮುಂತಾದೆಡೆ ದುಡಿಯುವ ಮಹಿಳೆಯರು ಬಹಳಷ್ಟು ಮಂದಿ ಇದ್ದಾರೆ. ದಿನದ ಕೆಲಸ ಮುಗಿದ ಮೇಲೆ ಕುಚ್ಚಲಕ್ಕಿ ಬೇಯಿಸಿ, ತೆಂಗಿನಕಾಯಿ ತುರಿದು, ಮಸಾಲೆ ಅರೆದು ಅಡುಗೆ ಮಾಡಲು ಸಾಕಷ್ಟು ಸಮಯ ಬೇಕಾಗುತ್ತದೆ. ಈ ಕಾರಣದಿಂದ ದೋಸೆ ಹಿಟ್ಟು, ಒಣ ರೊಟ್ಟಿ, ಒಣ ಶ್ಯಾವಿಗೆ, ಮಸಾಲೆ ಪುಡಿ, ತೆಂಗಿನ ಹಾಲು ಮುಂತಾದ ಸಿದ್ಧ ಸಾಮಗ್ರಿಗಳ ಬಳಕೆ ರೂಢಿಗೆ ಬಂದಿದೆ. ಇವುಗಳ ಬಳಕೆ ತಪ್ಪಲ್ಲ. ಆದರೆ ಸರಿಯಾಗಿ ಆರಿಸಿ, ತರಕಾರಿ ಮತ್ತು ಕಾಳುಗಳೊಡನೆ ಸೇರಿಸಿ ಬಳಸಿದಲ್ಲಿ ಮಾತ್ರ ಸಮಯವೂ ಉಳಿದು ಆರೋಗ್ಯವೂ ಉಳಿಯುತ್ತದೆ. ಈ ಕುರಿತ ಮಾಹಿತಿಯನ್ನು ಕೆಳಗೆ ನೀಡಲಾಗಿದೆ.

1. ಖರೀದಿಸುವಾಗ ಗಮನಿಸಬೇಕಾದ ಅಂಶಗಳು

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006 ಹಾಗೂ ಅದರಡಿ ಹೊರಡಿಸಲಾದ 2020ರ ಲೇಬಲ್ ನಿಯಮಾವಳಿಯ ಪ್ರಕಾರ ಪೊಟ್ಟಣದ ಮೇಲೆ ಮುಖ್ಯವಾಗಿ ಈ ವಿವರಗಳಿರಬೇಕು.

(ಅ) ಆಹಾರದ ಹೆಸರು, ತಯಾರಕರ ಹೆಸರು ಮತ್ತು ವಿಳಾಸ, ನಿವ್ವಳ ತೂಕ.
(ಆ) ತಯಾರಿಸಿದ ಅಥವಾ ಪೊಟ್ಟಣ ಕಟ್ಟಿದ ದಿನಾಂಕ ಮತ್ತು ಬಳಕೆಯ ಕೊನೆಯ ದಿನಾಂಕ.
(ಇ) ಎಫ್‌ಎಸ್‌ಎಸ್‌ಎಐ ಚಿಹ್ನೆ ಮತ್ತು 14 ಅಂಕಿಗಳ ಪರವಾನಗಿ ಅಥವಾ ನೋಂದಣಿ ಸಂಖ್ಯೆ.
(ಈ) ಬಳಸಿದ ಪದಾರ್ಥಗಳ ಪಟ್ಟಿ. ಹೆಚ್ಚು ಪ್ರಮಾಣದಲ್ಲಿರುವ ಪದಾರ್ಥವು ಪಟ್ಟಿಯಲ್ಲಿ ಮೊದಲು ಬರುತ್ತದೆ. ಗೋಧಿ ಪರೋಟ ಎಂದು ಮಾರುವ ಪೊಟ್ಟಣದ ಪಟ್ಟಿಯಲ್ಲಿ ಮೈದಾ ಮೊದಲಿದ್ದರೆ ಅದರಲ್ಲಿ ಮೈದಾವೇ ಹೆಚ್ಚು ಎಂದು ತಿಳಿಯತಕ್ಕದ್ದು.
(ಉ) ಸಸ್ಯಾಹಾರಕ್ಕೆ ಹಸಿರು ಚೌಕದೊಳಗೆ ಹಸಿರು ವೃತ್ತ, ಮಾಂಸಾಹಾರಕ್ಕೆ ಕಂದು ಚೌಕದೊಳಗೆ ಕಂದು ತ್ರಿಕೋನ.

ಗರಿಷ್ಠ ಮಾರಾಟ ಬೆಲೆಯನ್ನು ಕಾನೂನು ಮಾಪನಶಾಸ್ತ್ರ ನಿಯಮಗಳನ್ವಯ ಮುದ್ರಿಸಬೇಕು. ಅದಕ್ಕಿಂತ ಹೆಚ್ಚಿನ ಬೆಲೆ ಪಡೆಯುವಂತಿಲ್ಲ.

ದೋಸೆ ಹಿಟ್ಟು ಪೊಟ್ಟಣದೊಳಗೂ ಹುದುಗುತ್ತಲೇ ಇರುತ್ತದೆ. ಅಂಗಡಿಯ ಶೀತಕದ ಹೊರಗೆ ಇಟ್ಟಿರುವ, ಉಬ್ಬಿದ ಅಥವಾ ಸೋರುತ್ತಿರುವ ಪೊಟ್ಟಣವನ್ನು ಕೊಳ್ಳಬಾರದು. ಕರಾವಳಿಯ ಮಳೆಗಾಲದ ತೇವದಲ್ಲಿ ಒಣ ರೊಟ್ಟಿ, ಹಪ್ಪಳ ಮತ್ತು ಶ್ಯಾವಿಗೆಗೆ ಬೂಸ್ಟು ಬೇಗ ಹಿಡಿಯುವುದರಿಂದ ಪೊಟ್ಟಣದ ಅಂಚು ಬಿಗಿಯಾಗಿದೆಯೇ ಎಂದು ನೋಡಿಕೊಳ್ಳಬೇಕು.

2. ಬಣ್ಣದ ಬಗ್ಗೆ ಎಚ್ಚರಿಕೆ

ರಾಜ್ಯ ಸರ್ಕಾರವು ಮಾರ್ಚ್ 2024ರಲ್ಲಿ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಯಲ್ಲಿ ರೋಡಮೈನ್-ಬಿ ಬಣ್ಣದ ಬಳಕೆಯನ್ನೂ, ಜೂನ್ 2024ರಲ್ಲಿ ಕಬಾಬ್‌ಗಳಲ್ಲಿ ಕೃತಕ ಬಣ್ಣದ ಬಳಕೆಯನ್ನೂ ನಿಷೇಧಿಸಿತು. ರೋಡಮೈನ್-ಬಿ ಬಟ್ಟೆಗೆ ಹಾಕುವ ಬಣ್ಣವಾಗಿದ್ದು ಆಹಾರಕ್ಕೆ ಸಲ್ಲದು. ಮೆಣಸಿನ ಪುಡಿಗೂ ಬಣ್ಣ ಬೆರೆಸುವಂತಿಲ್ಲ. ಗಾಜಿನ ಲೋಟದ ನೀರಿನ ಮೇಲೆ ಚಿಟಿಕೆ ಮೆಣಸಿನ ಪುಡಿ ಉದುರಿಸಿದಾಗ ಬಣ್ಣವು ಗೆರೆಗೆರೆಯಾಗಿ ಕೆಳಗಿಳಿದರೆ ಕೃತಕ ಬಣ್ಣ ಬೆರೆತಿರುವ ಶಂಕೆ ಇರುತ್ತದೆ. ಅಂತಹ ಪುಡಿಯನ್ನು ಬಳಸಬಾರದು.

3. ಅರ್ಧ ಗಂಟೆಯ ನಾಲ್ಕು ಅಡುಗೆಗಳು (ನಾಲ್ಕು ಜನರಿಗೆ)

(ಅ) ಒಣ ರೊಟ್ಟಿ ಮತ್ತು ಮೊಟ್ಟೆ ಗಸಿ: ಕೋರಿರೊಟ್ಟಿಗೆ ಬಳಸುವ ಗರಿಗರಿಯಾದ ಅಕ್ಕಿ ರೊಟ್ಟಿಯನ್ನು ಅಂಗಡಿಯಿಂದ ತಂದಿಟ್ಟುಕೊಳ್ಳಬಹುದು. ನಾಲ್ಕು ಮೊಟ್ಟೆಗಳನ್ನು ಬೇಯಿಸಿಕೊಳ್ಳಬೇಕು. ಎರಡು ಈರುಳ್ಳಿ, ಎರಡು ಟೊಮೆಟೊ ಹುರಿದು, ಎರಡು ಚಮಚ ಮಸಾಲೆ ಪುಡಿ, ಒಂದು ಲೋಟ ನೀರು ಸೇರಿಸಿ ಕುದಿಸಬೇಕು. ಕೊನೆಗೆ ಒಂದು ಲೋಟ ತೆಂಗಿನ ಹಾಲು ಹಾಕಿ ಸಣ್ಣ ಉರಿಯಲ್ಲಿ ಬಿಸಿ ಮಾಡಬೇಕು. ಜೋರಾಗಿ ಕುದಿಸಿದರೆ ಹಾಲು ಒಡೆಯುತ್ತದೆ. ರೊಟ್ಟಿಯನ್ನು ತಟ್ಟೆಯಲ್ಲಿ ಮುರಿದು, ಊಟಕ್ಕೆ ಕುಳಿತ ಮೇಲೆ ಗಸಿ ಸುರಿಯಬೇಕು. ಮೊಟ್ಟೆಯ ಬದಲು ಬೆಳಿಗ್ಗೆಯೇ ನೆನೆಹಾಕಿದ ಕಡಲೆಯನ್ನು ಕುಕ್ಕರಿನಲ್ಲಿ ಬೇಯಿಸಿ ಬಳಸಬಹುದು.

(ಆ) ತರಕಾರಿ ದೋಸೆ: ಸಿದ್ಧ ಹಿಟ್ಟಿಗೆ ತುರಿದ ಕ್ಯಾರೆಟ್, ಹೆಚ್ಚಿದ ಈರುಳ್ಳಿ ಮತ್ತು ಒಂದು ಹಿಡಿ ಸೊಪ್ಪು ಬೆರೆಸಿ ದಪ್ಪ ದೋಸೆ ಹೊಯ್ಯಬಹುದು. ಹಿಟ್ಟಿನಲ್ಲಿ ಮೊದಲೇ ಉಪ್ಪಿದೆಯೇ ಎಂದು ಪಟ್ಟಿಯಲ್ಲಿ ನೋಡಿಯೇ ಉಪ್ಪು ಹಾಕಬೇಕು.

(ಇ) ಶ್ಯಾವಿಗೆ ಮತ್ತು ಹೆಸರುಕಾಳು: ಒಣ ಅಕ್ಕಿ ಶ್ಯಾವಿಗೆಯನ್ನು ಕುದಿಯುವ ನೀರಿನಲ್ಲಿ ಹಾಕಿ, ಮೆತ್ತಗಾದೊಡನೆ ಬಸಿಯಬೇಕು. ಸಾಸಿವೆ, ಉದ್ದಿನಬೇಳೆ, ಕರಿಬೇವಿನ ಒಗ್ಗರಣೆಗೆ ಬೀನ್ಸ್ ಮತ್ತು ಮೊಳಕೆ ಬಂದ ಹೆಸರುಕಾಳು ಹಾಕಿ ಚೆನ್ನಾಗಿ ಬೇಯಿಸಿ, ಶ್ಯಾವಿಗೆ ಬೆರೆಸಿ ನಿಂಬೆರಸ ಹಿಂಡಬೇಕು.

(ಈ) ಅನ್ನ, ಪುನರ್ಪುಳಿ ಸಾರು ಮತ್ತು ತಂಬುಳಿ: ಎಂಟು ಹತ್ತು ಒಣ ಪುನರ್ಪುಳಿ ಸಿಪ್ಪೆಗಳನ್ನು ಬಿಸಿನೀರಿನಲ್ಲಿ ನೆನೆಸಿ, ಹಸಿಮೆಣಸು, ಬೆಲ್ಲ, ಉಪ್ಪು ಹಾಕಿ ಕುದಿಸಿ ಒಗ್ಗರಣೆ ಕೊಟ್ಟರೆ ಸಾರು ಸಿದ್ಧವಾಗುತ್ತದೆ. ಒಂದೆಲಗವನ್ನು ಜೀರಿಗೆಯೊಡನೆ ಬಾಡಿಸಿ, ತೆಂಗಿನ ತುರಿ ಸೇರಿಸಿ ಅರೆದು, ಪೊಟ್ಟಣದ ಮೊಸರಿನಲ್ಲಿ ಕಲಸಿದರೆ ತಂಬುಳಿಯಾಗುತ್ತದೆ. ಇವೆರಡಕ್ಕೂ ಮಸಾಲೆ ಪುಡಿಯ ಅಗತ್ಯವಿಲ್ಲ.

4. ಉಪ್ಪಿನ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸೇವಿಸಬೇಕು. ಪೊಟ್ಟಣದ ಮೇಲೆ ಉಪ್ಪಿನ ಬದಲು ಸೋಡಿಯಂ ಪ್ರಮಾಣವನ್ನು ಮಿಲಿಗ್ರಾಂನಲ್ಲಿ ಬರೆದಿರುತ್ತಾರೆ. ಸೋಡಿಯಂ ಪ್ರಮಾಣವನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಪ್ರಮಾಣ ದೊರೆಯುತ್ತದೆ. ಉದಾಹರಣೆಗೆ, 800 ಮಿಲಿಗ್ರಾಂ ಸೋಡಿಯಂ ಎಂದರೆ 2 ಗ್ರಾಂ ಉಪ್ಪು. ಉಪ್ಪಿನಕಾಯಿ, ಹಪ್ಪಳ, ಒಣಮೀನು ಮತ್ತು ಸಿದ್ಧ ಮಸಾಲೆಯನ್ನು ಒಂದೇ ಊಟದಲ್ಲಿ ಬಳಸಿದರೆ ಈ ಮಿತಿ ಸುಲಭವಾಗಿ ಮೀರುತ್ತದೆ. ರಕ್ತದೊತ್ತಡ ಇರುವವರ ಮನೆಯಲ್ಲಿ ಇವುಗಳಲ್ಲಿ ಯಾವುದಾದರೂ ಒಂದನ್ನು ಮಾತ್ರ ಬಡಿಸುವುದು ಒಳ್ಳೆಯದು.

5. ಶೇಖರಣೆ

ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಕಾಲ ಹೊರಗೆ ಇಡಬಾರದು. ಶೀತಕದ ಉಷ್ಣಾಂಶ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರಬೇಕು. ಉಳಿದ ಅನ್ನ ಮತ್ತು ಗಸಿಯನ್ನು ಮರುದಿನ ಹಬೆ ಏಳುವಷ್ಟು ಬಿಸಿ ಮಾಡಿದ ನಂತರವೇ ಬಡಿಸಬೇಕು. ಮಳೆಗಾಲದಲ್ಲಿ ದೀರ್ಘಕಾಲ ವಿದ್ಯುತ್ ಕಡಿತವಾದಲ್ಲಿ ತೆರೆದ ತೆಂಗಿನ ಹಾಲು, ಮಾಂಸ ಮತ್ತು ಮೀನಿನ ಪದಾರ್ಥಗಳನ್ನು ಬಳಸದಿರುವುದು ಕ್ಷೇಮ. ವಾಸನೆ ಕೆಟ್ಟಿಲ್ಲವೆಂಬುದು ಆಹಾರ ಸುರಕ್ಷಿತವೆಂಬುದಕ್ಕೆ ಸಾಕ್ಷಿಯಲ್ಲ.

6. ಮನೆಯಲ್ಲಿ ತಯಾರಿಸಿ ಮಾರುವವರಿಗೆ

ರೊಟ್ಟಿ, ಹಪ್ಪಳ, ಹಿಟ್ಟು, ಮಸಾಲೆ ಪುಡಿಗಳನ್ನು ಮನೆಯಲ್ಲೇ ತಯಾರಿಸಿ ಮಾರುವ ಮಹಿಳೆಯರು ಮತ್ತು ಸ್ವಸಹಾಯ ಸಂಘಗಳು ಸಹ ಆಹಾರ ಉದ್ದಿಮೆದಾರರೆಂದು ಪರಿಗಣಿಸಲ್ಪಡುತ್ತಾರೆ. ಸಣ್ಣ ಪ್ರಮಾಣದ ತಯಾರಕರು ನೋಂದಣಿಯನ್ನೂ, ದೊಡ್ಡ ಪ್ರಮಾಣದವರು ಪರವಾನಗಿಯನ್ನೂ ಪಡೆಯುವುದು ಕಡ್ಡಾಯ. ಅರ್ಜಿಯನ್ನು ಫಾಸ್ಕಾಸ್ ಅಂತರ್ಜಾಲ ತಾಣದಲ್ಲಿ ಸಲ್ಲಿಸಬೇಕು. ಭಾವಚಿತ್ರ ಮತ್ತು ಗುರುತಿನ ಚೀಟಿಯನ್ನು ಸಿದ್ಧವಾಗಿಟ್ಟುಕೊಳ್ಳತಕ್ಕದ್ದು. ನೋಂದಣಿ ಸಂಖ್ಯೆ ದೊರೆತ ಮೇಲೆ ಅದನ್ನು ಪ್ರತಿ ಪೊಟ್ಟಣದ ಮೇಲೂ ಮುದ್ರಿಸಬೇಕು. ಈ ಸಂಖ್ಯೆ ಇದ್ದಲ್ಲಿ ಕೊಳ್ಳುವವರಿಗೆ ಭರವಸೆ ಮೂಡುವುದಲ್ಲದೆ, ದೊಡ್ಡ ಅಂಗಡಿಗಳಿಗೆ ಸರಕು ಪೂರೈಸಲೂ ಅನುಕೂಲವಾಗುತ್ತದೆ.

7. ದೂರು ಮತ್ತು ಪರಿಹಾರ

(ಅ) ಕಲಬೆರಕೆ ಅಥವಾ ಅವಧಿ ಮೀರಿದ ಆಹಾರದ ಬಗ್ಗೆ ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಗೆ ಅಥವಾ ಜಿಲ್ಲಾ ಅಂಕಿತ ಅಧಿಕಾರಿಗೆ ದೂರು ನೀಡಬಹುದು. ಎಫ್‌ಎಸ್‌ಎಸ್‌ಎಐ ಶುಲ್ಕರಹಿತ ದೂರವಾಣಿ 1800112100, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.
(ಆ) ಕಾಯ್ದೆಯ 40ನೇ ಪ್ರಕರಣದಂತೆ ಯಾವುದೇ ಖರೀದಿದಾರರು ನಿಗದಿತ ಶುಲ್ಕ ಪಾವತಿಸಿ ಆಹಾರವನ್ನು ಆಹಾರ ವಿಶ್ಲೇಷಕರಿಂದ ಪರೀಕ್ಷಿಸಿಕೊಳ್ಳಬಹುದು. ಪರೀಕ್ಷಿಸುವ ಉದ್ದೇಶವನ್ನು ಖರೀದಿಯ ಸಮಯದಲ್ಲೇ ಮಾರಾಟಗಾರರಿಗೆ ತಿಳಿಸಿರಬೇಕು. ಆಹಾರವು ಕಾಯ್ದೆಗೆ ಅನುಗುಣವಾಗಿಲ್ಲವೆಂದು ವರದಿ ಬಂದಲ್ಲಿ ಶುಲ್ಕ ಮರಳಿ ಪಡೆಯಲು ಅವರು ಅರ್ಹರು.
(ಇ) ನಷ್ಟ ಪರಿಹಾರಕ್ಕಾಗಿ ಗ್ರಾಹಕರ ಸಂರಕ್ಷಣಾ ಕಾಯ್ದೆ, 2019ರಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ಸರಕಿಗೆ ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದಲ್ಲಿ ದೂರಿಗೆ ಶುಲ್ಕವಿಲ್ಲ.

ದೂರು ನೀಡುವವರು ರಸೀದಿ ಹಾಗೂ ಪೊಟ್ಟಣವನ್ನು ಎಸೆಯದೆ ಕಾದಿರಿಸಬೇಕು. ರಸೀದಿ ಕೇಳಿ ಪಡೆಯುವುದು ಗ್ರಾಹಕರ ಹಕ್ಕು. ಹತ್ತು ರೂಪಾಯಿಯ ಮಸಾಲೆ ಪೊಟ್ಟಣಕ್ಕೂ ಈ ಹಕ್ಕು ಅನ್ವಯಿಸುತ್ತದೆ ಎಂಬುದನ್ನು ಸಾರ್ವಜನಿಕರು ಗಮನಿಸಬೇಕಾಗಿ ಕೋರಲಾಗಿದೆ.