ಬನಶಂಕರಿ ಜಾತ್ರಿಗೆ ಹೊಂಟೀರೇನು? ಮೊದಲು ನಾಟಕದ ಟಿಕೀಟು ತಗೊಳ್ರಿ!

ಬನದ ಹುಣ್ಣಿಮೆ ಹತ್ತಿರ ಬಂತೆಂದರೆ ಬಾಗಲಕೋಟೆ ಸೀಮೆಯ ಜನರಿಗೆ ಅದೇ ದಸರೆ, ಅದೇ ದೀಪಾವಳಿ. ಹಿಂಗಾರಿ ಜೋಳ ತೆನೆಗಟ್ಟಿರುತ್ತದೆ, ಚಳಿ ಇನ್ನೂ ಬಿಟ್ಟಿರುವುದಿಲ್ಲ, ಮನೆಯಲ್ಲಿ ಹೆಂಗಸರು ಮಕ್ಕಳು ಬೆನ್ನು ಹತ್ತಿರುತ್ತಾರೆ. ವರ್ಷವಿಡೀ ಷಟರ್ ಇಳಿಸದ ಕಿರಾಣಿ ಅಂಗಡಿಯವರೂ ಒಂದು ಮಧ್ಯಾಹ್ನ ತಕ್ಕಡಿ ಬದಿಗಿಟ್ಟು ಬಾದಾಮಿ ಬಸ್ಸಿನಲ್ಲಿ ಸೀಟು ಹಿಡಿಯಲು ಟವೆಲ್ ಒಗೆಯುತ್ತಾರೆ. ಬಾದಾಮಿಯಿಂದ ಐದು ಕಿಲೋಮೀಟರ್ ದೂರದ ಚೊಳಚಗುಡ್ಡದ ಬನಶಂಕರಿಯಲ್ಲಿ ತೇರು ಎಳೆಯುವುದು ಪುಷ್ಯ ಹುಣ್ಣಿಮೆಯ ಒಂದೇ ದಿನ. ಜಾತ್ರೆಯ ಗದ್ದಲ ಮಾತ್ರ ಮುಂದೆ ಮೂರು ನಾಲ್ಕು ವಾರ ನಡೆಯುತ್ತದೆ.

ಹೋದವರು ಏನು ನೋಡಬೇಕು, ಏನು ಉಣ್ಣಬೇಕು, ಬರುವಾಗ ಏನು ತರಬೇಕು? ಕಿಸೆಯಲ್ಲಿ ಇರುವ ರೊಕ್ಕ ಅಷ್ಟಕ್ಕಷ್ಟೇ. ಜೋಕಾಲಿ, ಸರ್ಕಸ್ಸು, ಬಳೆ ಅಂಗಡಿ, ಬೆಂಡು ಬೆತ್ತಾಸು, ಮನೆ ಕಟ್ಟುವವರಿಗೆ ಕೆತ್ತಿದ ಬಾಗಿಲು ಚೌಕಟ್ಟು, ಎಲ್ಲವೂ ಕೈ ಮಾಡಿ ಕರೆಯುತ್ತವೆ. ಮೊದಲ ಖರ್ಚು ಯಾವುದಕ್ಕೆ ಎಂದು ಯಾರಾದರೂ ಕೇಳಿದರೆ ಉತ್ತರ ಒಂದೇ: ನಾಟಕಕ್ಕೆ. ಮಿಕ್ಕಿದ್ದೆಲ್ಲ ಆಮೇಲೆ.

ಕಾರಣ ಸರಳ. ತಗಡಿನ ಆವರಣದೊಳಗೆ ಬಣ್ಣದ ಪರದೆ ಕಟ್ಟಿ ಆಟ ಆಡುವ ವೃತ್ತಿ ಕಂಪನಿಗಳಿಗೆ ಬನಶಂಕರಿ ಎಂದರೆ ವರ್ಷದ ಸುಗ್ಗಿ. ಹಬ್ಬದ ವಾರದ ವ್ಯಾಪಾರದ ಮೇಲೆ ಅಂಗಡಿಯವರು ಇಡೀ ವರ್ಷದ ಲೆಕ್ಕ ಹಾಕುವುದಿಲ್ಲವೇ, ಹಾಗೆಯೇ ಇದು. ಒಂದು ಕಂಪನಿ ಬಂತೆಂದರೆ ಬರುವವರು ನಟ ನಟಿಯರಷ್ಟೇ ಅಲ್ಲ. ಪೆಟಗಿ ಮಾಸ್ತರ, ತಬಲಾದವ, ಪರದೆ ಎಳೆಯುವವ, ಲೈಟಿನವ, ಗೇಟಿನಲ್ಲಿ ಟಿಕೀಟು ಹರಿಯುವವ, ಅಡಿಗಿಯವ, ಅವರ ಹೆಂಡಿರು ಮಕ್ಕಳು, ಎಲ್ಲರೂ ಲಾರಿಯ ಹಿಂದೆಯೇ ಬರುತ್ತಾರೆ. ಸಂಸಾರ ರಂಗದ ಹಿಂದೆ, ಸಂಪಾದನೆ ರಂಗದ ಮುಂದೆ. ಜಾಗದ ಬಾಡಿಗೆ, ಕರೆಂಟು, ಮೈಕಿನ ಪ್ರಚಾರ ಎಲ್ಲ ಕಳೆದು ಕೈಗೆ ಉಳಿದಿದ್ದರಲ್ಲಿ ಮಳೆಗಾಲ ದಾಟಬೇಕು. ಜಾತ್ರೆ ಕಲೆಕ್ಷನ್ನು ಕೈ ಕೊಟ್ಟಿತೋ, ಮುಂದಿನ ಕ್ಯಾಂಪಿಗೆ ಹೋಗಲು ಲಾರಿ ಬಾಡಿಗೆಗೂ ಸಾಲ!

ಹಿಂದೆ ಉತ್ತರ ಕರ್ನಾಟಕದಲ್ಲಿ ಊರೂರಿಗೆ ಒಂದು ಕಂಪನಿ ಇತ್ತು ಎಂದರೂ ನಡೆದೀತು. ಈಗ ಎಣಿಸಿ ಹೇಳುವಷ್ಟು ಉಳಿದಿವೆ. ಮೊದಲು ಸಿನೆಮಾ, ನಂತರ ಟೀವಿ, ಈಗ ಅಂಗೈಯಾಗಿನ ಮೊಬೈಲು. ಅದರ ಮೇಲೆ 2020ರ ಮಾರ್ಚಿನಿಂದ ಕೊರೊನಾ. ಆಗ ಪರದೆ ಸುತ್ತಿಟ್ಟ ಕಲಾವಿದರು ಕೂಲಿಗೆ, ಕಾಯಿಪಲ್ಯೆ ಮಾರಲಿಕ್ಕೆ ಹೋದರು. ಅವರಲ್ಲಿ ಎಲ್ಲರೂ ಮರಳಿ ಬಣ್ಣ ಹಚ್ಚಲಿಲ್ಲ.

“ನಾಟಕಕ್ಕ ಹೆಣ್ಮಕ್ಕಳನ್ನ ಕರಕೊಂಡು ಹೋಗೂದು ಹ್ಯಾಂಗ್ರಿ, ಬರೇ ಡಬಲ್ ಮೀನಿಂಗ್” ಎಂಬ ತಕರಾರು ಬಸ್ಸಿನಲ್ಲಿ ಕೇಳಿ ಬರುವುದುಂಟು. ಅದು ಸುಳ್ಳೂ ಅಲ್ಲ. ಜನ ಬರಲಿ ಎಂದು ನಾಟಕಗಳಿಗೆ ಇಡುವ ಹೆಸರುಗಳನ್ನು ಹಿರಿಯರ ಮುಂದೆ ಓದಿ ಹೇಳಲು ನಾಚಿಕೆಯಾಗುತ್ತದೆ. ಟೀವಿಯಲ್ಲಿ ಮುಖ ತೋರಿಸಿದ ಹಾಸ್ಯ ನಟರನ್ನು ನಾಲ್ಕು ದಿನಕ್ಕೆ ಕರೆಸಿ ಪೋಸ್ಟರಿನ ತುಂಬ ಅವರದೇ ಫೋಟೋ ಹಾಕುವುದೂ ಇದೆ. ಆದರೆ ಒಂದು ಮಾತು. ಪೋಸ್ಟರು ನೋಡಿ ಹೆದರಿ ವಾಪಸಾದವರಿಗೆ ಒಳಗಿನ ನಾಟಕ ಗೊತ್ತಾಗುವುದಿಲ್ಲ. ಹೆಸರು ಪೋಲಿಯಾಗಿದ್ದರೂ ಒಳಗೆ ಅಣ್ಣ ತಮ್ಮಂದಿರ ಜಗಳ, ಕುಡುಕ ಗಂಡ, ಸಾಹುಕಾರನ ಸಾಲ, ತವರು ಬಿಟ್ಟ ತಂಗಿ, ಇವೇ ಕಥೆ. ಎರಡು ಹಾಸ್ಯದ ಸೀನು ದಾಟಿದರೆ ಮೂರನೆಯ ಸೀನಿನಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುವವರೇ ಹೆಚ್ಚು.

ಹಾಗಾಗಿ ಉಪಾಯ ಇಷ್ಟು. ರಾತ್ರಿಗೆ ಎರಡು ಮೂರು ಆಟ ಇರುತ್ತವೆ. ಮನೆ ಮಂದಿ ಜೊತೆಗಿದ್ದರೆ ಮೊದಲನೆಯ ಆಟಕ್ಕೇ ಹೋಗಬೇಕು. ರಾತ್ರಿ ಏರಿದಷ್ಟೂ ಮಾತು ಸಡಿಲ, ಸೀಟಿ ಜೋರು. ಒಳಗೆ ಕೂಡುವ ಮೊದಲು ಗೇಟಿನಲ್ಲಿ “ಮನಿ ಮಂದಿ ನೋಡೂ ಹಂಗ ಐತೇನ್ರಿ?” ಎಂದು ಕೇಳಿದರೆ ಅಲ್ಲಿಯವರು ಸಾಮಾನ್ಯವಾಗಿ ಖರೇನೇ ಹೇಳುತ್ತಾರೆ. ಅವರಿಗೂ ನಾಳೆ ಗಿರಾಕಿ ಬೇಕಲ್ಲ! ತೇರಿನ ಎರಡು ಮೂರು ದಿನ ಬಿಟ್ಟು ವಾರದ ನಡುವೆ ಹೋದರೆ ಮುಂದಿನ ಕುರ್ಚಿ ಸಿಗುತ್ತದೆ. ಮುಂದೆ ಕುಳಿತು ನೋಡಿದವರಿಗೇ ಗೊತ್ತು, ಮೈಕಿಲ್ಲದಿದ್ದರೂ ಕೊನೆಯ ಸಾಲಿಗೆ ಮುಟ್ಟುವ ಆ ಕಂಠ ಎಂಥದು ಎಂದು. ಪೌರಾಣಿಕ ನಾಟಕದ ಬೋರ್ಡು ಕಂಡರಂತೂ ಯೋಚನೆ ಮಾಡಬಾರದು.

ಖರ್ಚಿನ ಮಾತು ಅಂಗಡಿಯವರಿಗೆ ಬೇಕೇ ಬೇಕು. 2023ರ ಜೂನ್ 11ರಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೀಟಿನ ರೊಕ್ಕ ಇಲ್ಲ. ಹೋಗಿ ಬರುವುದರಲ್ಲಿ ಉಳಿದ ಆ ದುಡ್ಡಿಗೆ ನಾಟಕ ನೋಡಬಹುದು ಎಂದು ಮನೆಯಲ್ಲಿ ಅತ್ತೆ ಸೊಸೆ ಸೇರಿ ಹೇಳಿದರೆ ಯಜಮಾನರ ಬಾಯಿ ಮುಚ್ಚೀತು.

ಇನ್ನು ಊಟ. ಜಾತ್ರೆಗೆ ಬಂದು ಫ್ರೈಡ್ ರೈಸಿನ ಗಾಡಿ ಮುಂದೆ ನಿಲ್ಲುವವರಿಗೆ ಏನು ಹೇಳುವುದು! ಬನಶಂಕರಿ ಗುಡಿಯ ಎದುರಿನ ಹೊಂಡದ ಆಸುಪಾಸು ಬುಟ್ಟಿ ಇಟ್ಟುಕೊಂಡು ಕೂತ ಹೆಣ್ಣುಮಕ್ಕಳು ಇರುವಾಗ ಬೇರೆ ಹೋಟೆಲು ಯಾತಕ್ಕೆ? ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಕಾಳು ಪಲ್ಯೆ, ಬದನೆಕಾಯಿ ಎಣಗಾಯಿ, ಶೇಂಗಾ ಹಿಂಡಿ, ಕೆಂಪು ಖಾರ, ಮೇಲೆ ಸಣ್ಣ ಮಣ್ಣಿನ ಗಡಿಗೆಯ ಗಟ್ಟಿ ಮೊಸರು. ಬೆಳಗಿನ ಜಾವ ಎದ್ದು ಬಡಿದ ರೊಟ್ಟಿ ಅದು. ಮೊಸರಿನ ಮೇಲೆ ಖಾರದ ಪುಡಿ ಚಿಮುಕಿಸಿ ಕೊಟ್ಟರೆ ಬೇಡ ಎನ್ನಬಾರದು. ಚೌಕಾಶಿಯನ್ನು ಮಾತ್ರ ಬಳೆ ಅಂಗಡಿಗೆ ಇಟ್ಟುಕೊಳ್ಳಿ, ಈ ಬುಟ್ಟಿಗಳ ಮುಂದೆ ಬೇಡ.

ಬನಶಂಕರಿ ಎಂದರೆ ಶಾಕಂಬರಿ, ಕಾಯಿಪಲ್ಯೆಯ ದೇವತೆ. ತೇರಿಗೆ ಮೊದಲು ಬರುವ ಪಲ್ಯೇದ ಹಬ್ಬದಲ್ಲಿ ನೂರಾ ಎಂಟು ಬಗೆಯ ಕಾಯಿಪಲ್ಯೆ ನೈವೇದ್ಯ ಮಾಡುವುದು ವಾಡಿಕೆ. ಸಾಧ್ಯವಾದರೆ ಆ ದಿನವೇ ಹೋಗಬೇಕು. ಸಂಜೆ ನಾಟಕಕ್ಕೆ ಮುಂಚೆ ಮಿರ್ಚಿ ಭಜಿ, ಚುರುಮರಿ ಹೇಗೂ ಇದ್ದೇ ಇದೆ. ಮನೆಗೆ ಒಯ್ಯಲು ಅಮೀನಗಡದ ಕರದಂಟು. ಕರಿದ ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿ, ಬಾದಾಮಿ ಹಾಕಿದ್ದು. ಬಾಣಂತಿಗೂ ಒಳ್ಳೆಯದು, ಒಂದು ವಾರದ ನಂತರವೂ ಕೆಡುವುದಿಲ್ಲ. ಹುನಗುಂದದ ಕಡೆಯ ಬಸ್ಸಿನವರಿಗೆ ಅದು ದಾರಿಯಲ್ಲೇ ಸಿಗುತ್ತದೆ.

ಜಾತ್ರೆಗೆ ಹೋಗಲಾರದವರು, ಮುಪ್ಪಿನವರು ಮನೆಯಲ್ಲಿ ನೋಡುವ ಸಿನೆಮಾ ಯಾವುದು? ಮೊದಲನೆಯದು 1974ರ ‘ಸಂಪತ್ತಿಗೆ ಸವಾಲ್’. ಎ.ವಿ. ಶೇಷಗಿರಿರಾವ್ ನಿರ್ದೇಶನ, ರಾಜಕುಮಾರ್ ಮತ್ತು ಮಂಜುಳಾ. ರಾಜಕುಮಾರ್ ಎಮ್ಮೆ ಮೇಲೆ ಕೂತು ಹಾಡುವ ಹಾಡು ಗೊತ್ತಿಲ್ಲದ ಕನ್ನಡಿಗ ಯಾರಿದ್ದಾನೆ? ಆದರೆ ಆ ಕಥೆ ನಮ್ಮದೇ ಜಿಲ್ಲೆಯ ಹುನಗುಂದ ಸೀಮೆಯ ಪಿ.ಬಿ. ಧುತ್ತರಗಿಯವರು ಕಂಪನಿ ನಾಟಕಕ್ಕೆ ಬರೆದದ್ದು ಎಂಬುದು ಇಲ್ಲಿನ ಹುಡುಗರಿಗೇ ಗೊತ್ತಿಲ್ಲ. ಸಾಹುಕಾರನ ಸೊಕ್ಕಿಗೂ ಬಡವನ ಸ್ವಾಭಿಮಾನಕ್ಕೂ ನಡೆಯುವ ಆ ಗುದ್ದಾಟ ತಗಡಿನ ಟೆಂಟಿನಲ್ಲಿ ಚಪ್ಪಾಳೆ ಗಿಟ್ಟಿಸಿಯೇ ಬೆಂಗಳೂರಿಗೆ ಹೋಯಿತು.

ಎರಡನೆಯದು ಪುಟ್ಟಣ್ಣ ಕಣಗಾಲರ ‘ರಂಗನಾಯಕಿ’, 1981ರದು. ಅಶ್ವತ್ಥರ ಕಾದಂಬರಿ, ಆರತಿಯ ಅಭಿನಯ. ಕಂಪನಿಯ ನಟಿ ಮದುವೆಯಾಗಿ ಬಣ್ಣ ಬಿಡುತ್ತಾಳೆ. ಕಂಪನಿಗೆ ಕಷ್ಟ ಬಂದಾಗ ಮತ್ತೆ ರಂಗಕ್ಕೆ ಬಂದದ್ದಕ್ಕೆ ಗಂಡ ಬಿಟ್ಟು ಹೋಗುತ್ತಾನೆ. ದ್ವಿತೀಯಾರ್ಧದ ಕಥೆ ಕೆಲವರಿಗೆ ಜೀರ್ಣವಾಗಲಿಕ್ಕಿಲ್ಲ. ಮೊದಲರ್ಧದಲ್ಲಿ ಕಾಣುವ ಕಂಪನಿ ಜೀವನ ಮಾತ್ರ ಅಪ್ಪಟ. ಅದನ್ನು ನೋಡಿ ಬಂದವರು ಟೆಂಟಿನ ಹಿಂದೆ ಒಲೆ ಉರಿಯುವುದನ್ನು ಕಂಡರೆ ಬೇರೆಯೇ ಕಣ್ಣಿನಿಂದ ಕಾಣುತ್ತಾರೆ. ಪ್ರಕಾಶ್ ರೈ ನಟಿಸಿದ ‘ನಾಗಮಂಡಲ’ (1997) ಕೂಡ ಆದೀತು. ಗಿರೀಶ ಕಾರ್ನಾಡರ ನಾಟಕವನ್ನು ನಾಗಾಭರಣ ತೆರೆಗೆ ತಂದದ್ದು, ಅದರಲ್ಲಿ ಈ ಕಡೆಯ ಮಾತು ಕೇಳುತ್ತದೆ.

ಪುಸ್ತಕದ ಮಾತಿಗೆ ಬಂದರೆ ಬೀಳಗಿಯಿಂದಲೇ ಶುರು ಮಾಡಬೇಕು. ಬೀಳಗಿಯಲ್ಲಿ ಹುಟ್ಟಿದ ಅಕ್ಕ ತಂಗಿ ಗೋಹರಬಾಯಿ, ಅಮೀರಬಾಯಿ ನಾಟಕದಿಂದ ಮೇಲೆ ಬಂದವರು. ಅಮೀರಬಾಯಿ ಮುಂಬಯಿಗೆ ಹೋಗಿ ಹಿಂದಿ ಚಿತ್ರಗಳಿಗೆ ಹಾಡಿದರು. 1943ರ ‘ಕಿಸ್ಮತ್’ ಕಲಕತ್ತೆಯ ಒಂದೇ ಟಾಕೀಜಿನಲ್ಲಿ ಮೂರು ವರ್ಷಕ್ಕೂ ಮೇಲೆ ಓಡಿತು. ಅದರ ಹಾಡುಗಳಲ್ಲಿ ಈ ಊರಿನ ಹೆಣ್ಣುಮಗಳ ಕಂಠ ಇದೆ! ಅವರು ತೀರಿಕೊಂಡದ್ದು 1965ರಲ್ಲಿ. ರಹಮತ್ ತರೀಕೆರೆಯವರು ಊರೂರು ತಿರುಗಿ ಹುಡುಕಿ ಬರೆದ ‘ಅಮೀರಬಾಯಿ ಕರ್ನಾಟಕಿ’ ಎಂಬ ಪುಸ್ತಕ ಬೀಳಗಿಯ ಪ್ರತಿ ಮನೆಯಲ್ಲಿ ಇರಬೇಕಾದದ್ದು. ಈ ತಿಂಗಳು ಒಂದೇ ಪುಸ್ತಕ ಕೊಳ್ಳುವವರು ಇದನ್ನೇ ಕೊಳ್ಳಲಿ.

ಇನ್ನೊಂದು ಓದಬಹುದಾದರೆ ಬಿ.ವಿ. ಕಾರಂತರ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’. ಕಾರಂತರು ಹೇಳಿದ್ದನ್ನು ವೈದೇಹಿ ಬರೆದುಕೊಂಡದ್ದು. ಮನೆ ಬಿಟ್ಟು ಓಡಿ ಗುಬ್ಬಿ ವೀರಣ್ಣನವರ ಕಂಪನಿ ಸೇರಿದ ಹುಡುಗನನ್ನು ಅದೇ ವೀರಣ್ಣನವರು ಓದಲು ಕಾಶಿಗೆ ಕಳಿಸಿದರು. ನಾಟಕ ಕಂಪನಿಯ ಮಾಲೀಕರೆಂದರೆ ಬರೀ ಗಲ್ಲಾಪೆಟ್ಟಿಗೆ ಎಂದು ತಿಳಿದವರು ಆ ಪುಟಗಳನ್ನು ಓದಬೇಕು. ಭಾಷೆ ಸಲೀಸು, ಬಸ್ಸಿನಲ್ಲಿ ಕೂತು ಓದಿದರೂ ತಲೆ ನೋಯದು.

ಊರಿನ ಹುಡುಗರು ತಾವೇ ನಾಟಕ ಆಡುವುದಾದರೆ ಇಳಕಲ್ಲ ಬಳಿಯ ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ ಇದ್ದೇ ಇದೆ. ಕುರುಕ್ಷೇತ್ರದ ಕಡೆಯ ರಾತ್ರಿ, ಅಶ್ವತ್ಥಾಮನ ಸಿಟ್ಟು, ನಡುವೆ ಶಕುನಿಯ ಮಾತು. ಈ ಸೀಮೆಯ ಹಳ್ಳಿಗಳಲ್ಲಿ ಶಕುನಿ ಪಾರ್ಟಿಗೆ ಜಗಳವೇ ಆಗಿದ್ದುಂಟು; ಕೃಷ್ಣನ ಪಾರ್ಟು ಬೇಡ, ಶಕುನಿ ಕೊಡ್ರಿ ಎನ್ನುವ ಜನ! ಪುಸ್ತಕ ಕೊಂಡು ಇಟ್ಟುಕೊಂಡರೆ ತಮ್ಮೂರ ಜಾತ್ರೆಗೆ ಕೆಲಸಕ್ಕೆ ಬರುತ್ತದೆ. ಮಾಸ್ತರರಾಗಿ ಕಲಿಸಲು ಬರುವವರು ಹೆಚ್ಚಾಗಿ ಇದೇ ಕಂಪನಿಗಳಿಂದ ಬಂದವರು ಎಂಬುದನ್ನು ಬೇರೆ ಹೇಳಬೇಕಿಲ್ಲ. ಕಂಪನಿ ಮುಚ್ಚಿದರೆ ಹಳ್ಳಿಯ ತಾಲೀಮಿಗೂ ಮಾಸ್ತರ ಸಿಗಲಿಕ್ಕಿಲ್ಲ.

ಕಡೆಗೆ ಬಸ್ಸಿನ ಸುದ್ದಿ. ತೇರಿನ ದಿನಗಳಲ್ಲಿ ಹೆಚ್ಚಿನ ಬಸ್ಸು ಬಿಡುತ್ತಾರೆ, ರಾತ್ರಿ ಹೇಗೋ ಬಾದಾಮಿ ಮುಟ್ಟಬಹುದು. ಆ ಗದ್ದಲ ಇಳಿದ ಮೇಲೆ ಹೋಗುವವರು ಇಳಿದ ಕೂಡಲೇ ಕಂಟ್ರೋಲರನ್ನು ಕಡೇ ಬಸ್ಸು ಎಷ್ಟಕ್ಕೆ ಎಂದು ಕೇಳಿಕೊಂಡು ಆಮೇಲೆ ಗುಡಿಯ ಕಡೆ ಹೆಜ್ಜೆ ಹಾಕಲಿ. ಗದಗ ಅಥವಾ ವಿಜಯಪುರದ ಕಡೆ ರೈಲು ಹಿಡಿಯುವವರಿಗೆ ಬಾದಾಮಿ ಸ್ಟೇಷನ್ನು ಊರ ಹೊರಗೆ, ಐದು ಕಿಲೋಮೀಟರ್ ದೂರ ಎಂಬುದು ನೆನಪಿರಲಿ. ಚಳಿಗೆ ಒಂದು ಕಂಬಳಿ, ಮಕ್ಕಳಿಗೆ ಟೊಪ್ಪಿಗೆ. ಕೂಡಲು ಕುರ್ಚಿ ಕಂಪನಿಯವರೇ ಕೊಡುತ್ತಾರೆ.