ಪಕ್ಷ ಬದಲಾದರೆ ಲೆಕ್ಕದ ಪುಸ್ತಕ ತೆರೆಯುತ್ತದೆಯೇ?

ಪ್ರಶ್ನೆ: ನಮ್ಮ ನಂಜನಗೂಡು, ತಿ.ನರಸೀಪುರದ ಸ್ಥಳೀಯ ಆಡಳಿತದ ಪಾರದರ್ಶಕತೆ ಆಳುವ ಪಕ್ಷದ ಸಿದ್ಧಾಂತವನ್ನು ಅವಲಂಬಿಸಿದೆಯೇ?

ಉತ್ತರ: ಕಾನೂನು ರೂಪಿಸುವಾಗ ಸಿದ್ಧಾಂತಕ್ಕೆ ಬೆಲೆಯಿದೆ. ಅಧಿಕಾರ ಹಳ್ಳಿಗೆ ಹೋಗಬೇಕೆಂಬ ಹಟದಿಂದಲೇ ರಾಮಕೃಷ್ಣ ಹೆಗಡೆ, ಅಬ್ದುಲ್ ನಜೀರ್ ಸಾಬ್ ಅವರ ಜನತಾ ಸರ್ಕಾರ 1983ರ ಪಂಚಾಯತ್ ಕಾಯ್ದೆ ತಂದಿತು. ಎಸ್.ಎಂ. ಕೃಷ್ಣ ಅವರ ಕಾಂಗ್ರೆಸ್ ಸರ್ಕಾರವಿದ್ದಾಗ, ಕೇಂದ್ರದ ಕಾಯ್ದೆಗೂ ಮೊದಲೇ, ರಾಜ್ಯಕ್ಕೆ 2000ದ ಮಾಹಿತಿ ಹಕ್ಕು ಕಾಯ್ದೆ ಸಿಕ್ಕಿತು. ಅಂದರೆ ಈ ಕೀರ್ತಿ ಒಂದೇ ಪಕ್ಷದ್ದಲ್ಲ.

ಊರಿನ ಮಟ್ಟದಲ್ಲಿ ಕತೆ ಬೇರೆ. ನಂಜನಗೂಡು ನಗರಸಭೆಗೂ ತಿ.ನರಸೀಪುರ ಪುರಸಭೆಗೂ ಪಕ್ಷದ ಚಿಹ್ನೆಯ ಮೇಲೆ ಚುನಾವಣೆ. ಇದೇ ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳಲ್ಲಿ ಪಕ್ಷದ ಚಿಹ್ನೆಯೇ ಇಲ್ಲ. ಆದರೂ ಚರಂಡಿ ಕಾಮಗಾರಿಯ ಅಳತೆ ಪುಸ್ತಕ, ಬಿಲ್ಲು ಎರಡು ಕಡೆಯೂ ಬೀರುವಿನಲ್ಲೇ ಇರುತ್ತವೆ. ಅವನ್ನು ಹೊರತರುವುದು ಬಾವುಟದ ಬಣ್ಣವಲ್ಲ, ಕೇಳುವ ಬಾಯಿ.

2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದ ಅರ್ಜಿಗೆ 30 ದಿನದೊಳಗೆ ಉತ್ತರ ಕೊಡಬೇಕು. ಹಳ್ಳಿಯಲ್ಲಾದರೆ ಗ್ರಾಮಸಭೆಯಲ್ಲಿ, ಪಂಚಾಯಿತಿಯ ಲೆಕ್ಕವನ್ನು ಜನರೆದುರು ಪರಿಶೀಲಿಸುವ ಜಮಾಬಂದಿಯಲ್ಲಿ ಎದ್ದು ನಿಂತು ಲೆಕ್ಕ ಕೇಳಬಹುದು. ಯಾವ ಪಕ್ಷ ಗೆದ್ದರೂ ಸರಿ, ಮುಂದಿನ ಜಮಾಬಂದಿಗೆ ತಪ್ಪದೆ ಹೋಗಿ.